ಸೌಟು ಬೀಳದ ನೋವು

ಮೀನು ಹುರಿದ ಬಾಣಲೆಯ ಅಂಚಿಗೆ ಎಣ್ಣೆ ಹೆಪ್ಪುಗಟ್ಟಿ ಹಳದಿ ಮೇಣದ ಹಾಗೆ ಅಂಟಿಕೊಂಡಿತ್ತು. ಅದರೊಳಗೇ ಯಾರೋ ಕೈ ತೊಳೆದಿದ್ದರು. ಆ ನೀರಿನ ಮೇಲೆ ಒಂದು ಮುಳ್ಳು, ನಾಲ್ಕು ಅಗುಳು, ಗಂಡ ಹಲ್ಲು ಕೆದಕಿ ಬಿಸಾಡಿದ ಕಡ್ಡಿ. ಸಿಂಕಿನ ಬಾಯಿಗೆ ಟೀ ಚರಟವೂ ಅತ್ತೆಯ ಕೂದಲುಂಡೆಯೂ ಸೇರಿ ಬಿರಡೆ ಹಾಕಿದಂತಾಗಿ ನೀರು ಇಳಿಯದೆ ನಿಂತಿತ್ತು. ಅವಳು ಎರಡು ಬೆರಳಲ್ಲಿ ಆ ಕೂದಲನ್ನು ಹಿಡಿದೆಳೆದಳು. ಅದು ಲೋಳೆಲೋಳೆಯಾಗಿ ಬರುತ್ತಲೇ ಇತ್ತು. ಅರ್ಧ ಎಳೆದಿರುವಾಗ ಸೊಂಟದ ಹಿಂದೆ ಹುಟ್ಟಿದ ನೋವೊಂದು ಸುತ್ತಿಕೊಂಡು ಮುಂದೆ ಬಂದು ಹೊಟ್ಟೆಯನ್ನು ಕಲ್ಲು ಮಾಡಿತು.

ಅವಳು ಸಿಂಕಿನ ಅಂಚು ಹಿಡಿದು ನಿಂತಳು.

“ಏನು, ಪಾತ್ರೆ ಸದ್ದು ನಿಂತ್ಹೋಯ್ತು?” ಹಾಲ್‌ನಿಂದ ಗಂಡನ ದನಿ ಬಂತು. “ಇವತ್ತು ನಿಜದ್ದೋ, ಮತ್ತೆ ಸುಳ್ಳಿಂದೋ?”

ಅತ್ತೆ ಕಿಸಕ್ಕನೆ ನಕ್ಕರು.

ಅವಳು ಎಡಗೈಯಲ್ಲಿ ನಲ್ಲಿ ತಿರುಗಿಸಿ, ಬಲಗೈಗೆ ಸಿಕ್ಕ ಲೋಟವನ್ನು ಇನ್ನೊಂದು ಲೋಟಕ್ಕೆ ಬಡಿದಳು. ಸದ್ದು ಕೇಳಿದರೆ ಸಾಕು, ಯಾರೂ ಏನೂ ಕೇಳುವುದಿಲ್ಲ. ಅವಳು ಬದುಕಿದ್ದಾಳೆ ಎನ್ನುವುದು ಆ ಮನೆಗೆ ಗೊತ್ತಾಗುತ್ತಿದ್ದದ್ದೇ ಪಾತ್ರೆಯ ಸದ್ದಿನಿಂದ.

ಹೊರಗೆ ಅವಳಿಗೆ ‘ಇಸ್ತ್ರಿ’ ಎಂದು ಹೆಸರು. ದೊಡ್ಡ ಹೋಟೆಲೊಂದರ ನೆಲಮಾಳಿಗೆಯ ಲಾಂಡ್ರಿಯಲ್ಲಿ ಚಾದರ ಮಡಿಸುವುದು ಅವಳ ಕೆಲಸ. ಅವಳ ಕೈ ಆಡಿದ ಬಟ್ಟೆಯಲ್ಲಿ ಸುಕ್ಕು ಉಳಿಯುವುದಿಲ್ಲ ಎಂದು ಯಾರೋ ಇಟ್ಟ ಹೆಸರು ಹಾಗೇ ನಿಂತಿತ್ತು. ದೊಡ್ಡ ಚಾದರವನ್ನು ಒಬ್ಬಳೇ ಮಡಿಸಲಾಗುವುದಿಲ್ಲ. ಎದುರು ತುದಿ ಹಿಡಿಯಲು ಒಬ್ಬಳು ಬೇಕು. ಇಸ್ತ್ರಿಯ ಎದುರು ತುದಿ ಹಿಡಿಯುವವಳು ಅವಳಿಗಿಂತ ತುಂಬ ದೊಡ್ಡವಳು, ಮೂರು ಹೆತ್ತವಳು. ಲಾಂಡ್ರಿಯವರೆಲ್ಲರ ಬಾಯಲ್ಲಿ ಆಕೆ ತುದಿಯಕ್ಕ. ಇಬ್ಬರೂ ಮೂಲೆಗಳನ್ನು ಹಿಡಿದು ಹಿಂದೆ ಸರಿದು, ಒಮ್ಮೆ ಝಾಡಿಸಿ, ಎದುರುಬದುರು ನಡೆದು ಮೂಲೆಗೆ ಮೂಲೆ ಕೂಡಿಸುತ್ತಿದ್ದರು. ಯಂತ್ರಗಳ ಗದ್ದಲದಲ್ಲಿ ಮಾತು ಕೇಳುತ್ತಿರಲಿಲ್ಲ. ಕೇಳಬೇಕಾಗಿಯೂ ಇರಲಿಲ್ಲ. ಬಟ್ಟೆಯ ಎಳೆತದಲ್ಲೇ ಎದುರಿನವಳ ಮೈ ಹೇಗಿದೆ ಎಂದು ಗೊತ್ತಾಗಿಬಿಡುತ್ತಿತ್ತು. ತುದಿಯಕ್ಕ ಮನೆಯಲ್ಲಿ ಜಗಳ ಆಡಿ ಬಂದ ದಿನ ಚಾದರ ಪಟಪಟ ಹೊಡೆದುಕೊಳ್ಳುತ್ತಿತ್ತು. ಇಸ್ತ್ರಿ ಬಸಿರಾದದ್ದು ಗಂಡನಿಗಿಂತ ಮೊದಲು ತಿಳಿದದ್ದೂ ತುದಿಯಕ್ಕನಿಗೇ: “ನಿನ್ನ ಕಡೆ ಬಟ್ಟೆ ಜೋಲುಬಿದ್ದಿದೆ ಕಣೇ. ಏನು ವಿಷಯ?”

ಲಾಂಡ್ರಿಗೆ ಬರುವ ಚಾದರಗಳಲ್ಲಿ ಏನೇನಿರುತ್ತದೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಕಂಡವರ ಬೆವರು, ಎಂಜಲು, ರಕ್ತ, ಕುಡಿದು ಕಕ್ಕಿದ್ದು. ಇಸ್ತ್ರಿಗೆ ಅದರ ಬಗ್ಗೆ ಯಾವತ್ತೂ ಹೇಸಿಗೆ ಅನ್ನಿಸಿರಲಿಲ್ಲ. ಆ ಕೊಳೆ ಯಾರದ್ದೋ. ಅದಕ್ಕೆ ಯಂತ್ರವಿದೆ, ಕುದಿಯುವ ನೀರಿದೆ, ಪಾಳಿ ಮುಗಿದ ಕೂಡಲೇ ಬೆನ್ನು ತಿರುಗಿಸಿ ಹೊರಟುಬಿಡಬಹುದು. ಅವಳಿಗೆ ಹೇಸಿಗೆ ಹುಟ್ಟಿಸುತ್ತಿದ್ದದ್ದು ಮನೆಯ ಕೊಳೆ. ಗಂಡ ಸ್ನಾನ ಮುಗಿಸಿ ಒಳಚಡ್ಡಿಯನ್ನು ಕಾಲಿನಿಂದ ಜಾರಿಸಿದಲ್ಲೇ ಬಿಟ್ಟು ಬರುತ್ತಿದ್ದ. ಅದು ಒದ್ದೆ ನೆಲದಲ್ಲಿ ಎರಡು ತೂತಿನ ಗೂಡಿನ ಹಾಗೆ ಕೂತಿರುತ್ತಿತ್ತು. ಅತ್ತೆ ಕಫ ಉಗುಳುವ ಲೋಟ ಮಂಚದ ಕೆಳಗೆ ಅವಳ ಕೈಗಾಗಿ ಕಾಯುತ್ತಿತ್ತು. ಇವರಿಗೆ ಕೈಯಿಲ್ಲವೆಂದೇನಲ್ಲ. ಇವಳು ಎತ್ತುತ್ತಾಳೆ ಎಂದು ಗೊತ್ತಿದ್ದೇ ಬಿಡುತ್ತಾರೆ. ಅವಳಿಗೆ ವಾಕರಿಕೆ ತರಿಸುತ್ತಿದ್ದದ್ದು ಆ ಗೊತ್ತಿರುವಿಕೆ.

ಲಾಂಡ್ರಿಗೆ ರಜೆ ಹಾಕಿ ಮನೆಯಲ್ಲಿ ಕೂತ ಮೇಲೆ ಮೊದಲ ಸಲ ನೋವು ಬಂದದ್ದು ಊಟಕ್ಕೆ ಬಡಿಸುತ್ತಿದ್ದಾಗ. ಗಂಡ ತಟ್ಟೆ ಬಿಟ್ಟು ಎದ್ದು ಆಸ್ಪತ್ರೆಗೆ ಕರೆದುಕೊಂಡು ಹೋದ. ಅದಕ್ಕಾಗಿ ಅವನನ್ನು ಹೊಗಳಬೇಕು, ಅವನೂ ಅದನ್ನೇ ನಿರೀಕ್ಷಿಸುತ್ತಿದ್ದ. ಅಲ್ಲಿನ ನರ್ಸಮ್ಮ ಹೊಟ್ಟೆ ಮುಟ್ಟಿ, ಒಳಗೆ ಪರೀಕ್ಷೆ ಮಾಡಿ, ಕೈಗವಸು ಕಳಚುತ್ತ, “ಇದು ಸುಳ್ಳು ನೋವಮ್ಮ. ಹೊಟ್ಟೆ ತಾಲೀಮು ಮಾಡ್ತಿದೆ,” ಎಂದರು. ಬಾಗಿಲ ಹೊರಗೆ ನಿಂತಿದ್ದ ಗಂಡನ ಕಿವಿಗೆ ಬಿದ್ದದ್ದು ಅಷ್ಟೇ. ಮುಂದಿನದ್ದನ್ನು ಕೇಳಿಸಿಕೊಂಡವಳು ಅವಳೊಬ್ಬಳೇ.

“ನೋವು ಬಂದ್ರೆ ಒಂದು ದೊಡ್ಡ ಲೋಟ ನೀರು ಕುಡಿದು ಎಡಮಗ್ಗುಲಾಗಿ ಮಲಕ್ಕೋ. ಸ್ವಲ್ಪ ಹೊತ್ತು ಯಾರೂ ನಿನ್ನ ಎಬ್ಬಿಸಬಾರದು. ಸುಳ್ಳಾದ್ರೆ ಹೊತ್ತುಗೊತ್ತಿಲ್ಲದೆ ಬಂದು, ಮಲಗಿದ್ರೆ, ಎದ್ದು ನಡೆದಾಡಿದ್ರೆ ಇಳಿದುಹೋಗುತ್ತೆ. ನಿಜವಾದ್ದು ಏನ್ ಮಾಡಿದ್ರೂ ಬಿಡಲ್ಲ. ಒಂದರ ಹಿಂದೆ ಒಂದು, ಹತ್ತಿರ ಹತ್ತಿರ, ಜಾಸ್ತಿ ಜಾಸ್ತಿ ಆಗ್ತಾ ಬರುತ್ತೆ. ನೋವಿನ ಮಧ್ಯೆ ಮಾತು ಹೊರಡಲ್ಲ. ನೀರು ಹೋದ್ರೆ, ರಕ್ತ ಕಂಡ್ರೆ, ಮಗು ಆಡೋದು ಕಮ್ಮಿ ಆದ್ರೆ ಯಾವುದನ್ನೂ ಕಾಯಬೇಡ, ಬಂದುಬಿಡು. ಅನುಮಾನ ಬಂದ್ರೂ ಬಾ. ಹತ್ತು ಸಲ ಬಂದು ಹತ್ತು ಸಲ ವಾಪಸ್ ಹೋದ್ರೂ ನಮಗೇನೂ ಬೇಜಾರಿಲ್ಲ.”

ಬೇಜಾರಾದದ್ದು ಮನೆಯವರಿಗೆ. ವಾಪಸ್ ಬಂದಾಗ ಊಟದ ತಟ್ಟೆಗಳು ಇದ್ದಲ್ಲೇ ಇದ್ದವು, ಅನ್ನ ಒಣಗಿ ಸುಣ್ಣದ ಚಕ್ಕೆಯಾಗಿತ್ತು, ಇರುವೆಗಳು ಸಾಲುಗಟ್ಟಿ ಸಂಸಾರ ಹೂಡಿದ್ದವು. ಅವಳು ಚಪ್ಪಲಿ ಬಿಟ್ಟು ನೇರ ಅಲ್ಲಿಗೇ ಹೋದಳು. ಗಂಡ ಅಮ್ಮನಿಗೆ ವರದಿ ಒಪ್ಪಿಸಿದ: “ಸುಳ್ಳು ನೋವಂತೆ!” ಮೂರೇ ದಿನಕ್ಕೆ ಮತ್ತೊಮ್ಮೆ ಹೋಗಿ ಮತ್ತೊಮ್ಮೆ ಬಂದ ಮೇಲಂತೂ ಅವಳಿಗೆ ಮನೆಯಲ್ಲಿ ‘ನಾಟಕ ಕಂಪನಿ’ ಎಂದು ನಾಮಕರಣವಾಯಿತು.

“ಮುಂದಿನ ಸಲ ಟಿಕೆಟ್ ಇಟ್ಟು ಕರ್ಕೊಂಡು ಹೋಗ್ತೀನಿ,” ಎಂದ ಗಂಡ.

ಅತ್ತೆಯದು ಇನ್ನೂ ಖಚಿತವಾದ ಶಾಸ್ತ್ರ. “ನಿಜವಾದ ನೋವು ಬಂದ್ರೆ ಯಾರನ್ನೂ ಕೇಳಬೇಕಾಗಿಲ್ಲ ಕಣೇ. ಕೈಲಿರೋ ಸೌಟು ತಾನಾಗಿ ಬಿದ್ದುಹೋಗುತ್ತೆ. ಇವನನ್ನ ಹೆರೋವಾಗ ನನ್ನ ಕೈಯಿಂದ ಬಿದ್ದ ಸೌಟು ಒಲೆ ಅಡಿಗೆ ಹೋಗಿತ್ತು. ಅಲ್ಲೀವರೆಗೂ ಅಡುಗೆ ಮಾಡ್ತಾನೇ ಇದ್ದೆ. ನೀನು ನೋಡಿದ್ರೆ ನೋವು ನೋವು ಅಂತೀಯ, ಲೋಟ ಒಂದೂ ಬೀಳಲ್ಲ.”

ತುಂಬಿದ ಬಸುರಿಯ ಕೈಗೆ ಆವತ್ತು ಆ ಸೌಟು ಕೊಟ್ಟವರು ಯಾರು ಎಂದು ಯಾರೂ ಕೇಳಲಿಲ್ಲ. ಇಸ್ತ್ರಿಯೂ ಕೇಳಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಅವಳು ನಂಬಿಬಿಟ್ಟಳು. ನರ್ಸಮ್ಮ ಹೇಳಿದ ಪರೀಕ್ಷೆಯನ್ನು ಮಾಡಿ ನೋಡಲು ಅವಳು ಪ್ರಯತ್ನಿಸದೇ ಇರಲಿಲ್ಲ. ಮಗ್ಗುಲಾದ ಕೂಡಲೇ “ಟವೆಲ್ ಎಲ್ಲಿ?” ಎಂದು ಬಚ್ಚಲಿನಿಂದ ಕೂಗು. ಎದ್ದು ಕೊಟ್ಟು ಬಂದು ಮತ್ತೆ ತಲೆ ಇಟ್ಟರೆ “ಗ್ಯಾಸ್ ಆರಿಸಿದ್ಯಾ?” ಎದ್ದಾಗ ನೋವು ಇಳಿದಿತ್ತೋ, ಮಲಗಿದ್ದರೆ ಇಳಿಯುತ್ತಿತ್ತೋ, ತಿಳಿಯುವುದು ಹೇಗೆ? ಆ ಮನೆಯಲ್ಲಿ ಮಾಡಲು ಸಾಧ್ಯವಿದ್ದದ್ದು ಅತ್ತೆಯ ಪರೀಕ್ಷೆ ಮಾತ್ರ. ಸೌಟು ಬಿದ್ದರೆ ನಿಜ. ಅವಳ ಕೈಯೋ, ಒದ್ದೆ ಚಾದರದ ಭಾರಕ್ಕೆ ಪಳಗಿದ ಕೈ. ಹಿಡಿದದ್ದನ್ನು ಬಿಡುವ ಅಭ್ಯಾಸವೇ ಅದಕ್ಕೆ ಇರಲಿಲ್ಲ.

ಸಿಂಕಿನ ಮುಂದೆ ನಿಂತಿದ್ದ ಈ ಭಾನುವಾರ ಬೆಳಗಿನಿಂದಲೇ ನೋವು ಬಂದು ಹೋಗುತ್ತಿತ್ತು. ಅವಳು ತುಟಿ ಬಿಚ್ಚಿರಲಿಲ್ಲ. ಬೆಳಗ್ಗೆ ಅತ್ತೆ ಮನೆಯ ಚಾದರ, ಹೊದಿಕೆ, ಪರದೆಗಳನ್ನೆಲ್ಲ ಕಿತ್ತು ಬಚ್ಚಲಿನಲ್ಲಿ ಗುಡ್ಡೆ ಹಾಕಿದ್ದರು. “ಹೆತ್ತ ಮೇಲೆ ನೀನು ಮಲಗಿಬಿಡ್ತೀಯ. ಆಮೇಲೆ ಇದನ್ನೆಲ್ಲ ಯಾರು ಒಗೀತಾರೆ?” ಅವಳು ಒಗೆದಳು. ಬಕೆಟ್ಟನ್ನು ಮೆಟ್ಟಿಲಿನಿಂದ ಮೆಟ್ಟಿಲಿಗೆ ಇಟ್ಟು, ಉಸಿರು ಬಿಟ್ಟು, ಎತ್ತಿ, ಟೆರೇಸಿಗೆ ಸಾಗಿಸಿ ಹರವಿದಳು. ಗಂಡ ಮ್ಯಾಚ್ ನೋಡುತ್ತಿದ್ದ, ಅವಳು ದಾಟಿಹೋಗುವಾಗ ಟೀವಿಯ ಪರದೆಗೆ ಅಡ್ಡ ಬರದಂತೆ ಕೈಸನ್ನೆ ಮಾಡಿದ.

ಈಗ ಬಾಣಲೆಗೆ ಕೈ ಹಾಕುವಷ್ಟರಲ್ಲಿ ಅತ್ತೆ ಕೂಗಿದರು: “ಬಟ್ಟೆ ಒಣಗಿರುತ್ತೆ, ತಂದುಬಿಡು. ಬಾಣಲೆ ನೆನೀಲಿ, ಪಾತ್ರೆ ಆಮೇಲೆ ತೊಳೆದ್ರಾಯ್ತು.”

ಅದೇ ಹೊತ್ತಿಗೆ ಬಾಗಿಲು ತಟ್ಟಿ ಒಳಗೆ ಬಂದವಳು ತುದಿಯಕ್ಕ. ಕೈಯಲ್ಲಿ ಹಣ್ಣಿನ ಚೀಲ, ಮೈಯಲ್ಲಿ ಭಾನುವಾರದ ಸೀರೆ. ಹೊಟ್ಟೆ ಮುಂದೆ ಮಾಡಿಕೊಂಡು ಮೆಟ್ಟಿಲ ಕಡೆ ಹೊರಟಿದ್ದ ಇಸ್ತ್ರಿಯನ್ನು ನೋಡಿ ಹಣೆ ಚಚ್ಚಿಕೊಂಡಳು. “ಹೆರಿಗೆ ರಜೆ ಅಂದ್ರೆ ಇದಾ? ಅಲ್ಲಾದ್ರೆ ಯಂತ್ರ ಆದ್ರೂ ಇತ್ತಲ್ಲೇ!” ಎಂದು ಅವಳ ಹಿಂದೆಯೇ ಟೆರೇಸಿಗೆ ಹತ್ತಿದಳು.

ಮೇಲೆ ಬಿಸಿಲಿತ್ತು, ಗಾಳಿಯಿತ್ತು. ಇಬ್ಬರೂ ಅಭ್ಯಾಸಬಲದಿಂದ ಚಾದರದ ಎರಡು ತುದಿಗೆ ನಿಂತರು. ಝಾಡಿಸಿ, ಮುಂದೆ ಬಂದು, ಮೂಲೆ ಕೂಡಿಸಿ. ತುದಿಯಕ್ಕ ಲಾಂಡ್ರಿಯ ಸುದ್ದಿ ಹೇಳುತ್ತಿದ್ದಳು. ಹೊಸ ಮೇಲ್ವಿಚಾರಕನಿಗೆ ಚಾದರದ ಉದ್ದ ಯಾವುದು ಅಗಲ ಯಾವುದು ಗೊತ್ತಿಲ್ಲವಂತೆ. ಎರಡನೇ ಚಾದರದಲ್ಲಿ ತುದಿಯಕ್ಕನ ಕೈಗೆ ಒಂದು ಜಗ್ಗು ಬಂತು. ಬಟ್ಟೆ ಬಿಗಿಯಿತು, ಹಾಗೇ ನಿಂತಿತು, ನಿಧಾನಕ್ಕೆ ಸಡಿಲವಾಯಿತು.

“ಗಾಳಿ,” ಎಂದಳು ಇಸ್ತ್ರಿ.

ಇನ್ನು ಕೆಲವು ಚಾದರ ಕಳೆದ ಮೇಲೆ ಮತ್ತೆ ಅದೇ ಜಗ್ಗು. ಆಮೇಲೆ ಪರದೆ ಮಡಿಸುವಾಗ ಮತ್ತೆ. ತುದಿಯಕ್ಕನ ಬಾಯಿ ಮಾತಾಡುತ್ತಲೇ ಇತ್ತು, ಕೈ ಮಾತ್ರ ಕೇಳಿಸಿಕೊಳ್ಳುತ್ತಿತ್ತು. ಇದ್ದಕ್ಕಿದ್ದಂತೆ ಕಥೆ ನಿಲ್ಲಿಸಿದಳು.

“ಗಾಳಿ ಹೀಗೆ ಹೊತ್ತು ನೋಡ್ಕೊಂಡು ಬೀಸುತ್ತೇನೇ?”

“ಏನಿಲ್ಲಕ್ಕ. ಸುಳ್ಳು ನೋವು. ಸೌಟು... ಕೈಯಿಂದ ಏನೂ ಬಿದ್ದಿಲ್ಲ ನೋಡು, ಹಿಡ್ಕೊಂಡೇ ಇದೀನಿ.”

“ಏನು ಬೀಳಬೇಕಿತ್ತು?”

ಇಸ್ತ್ರಿ ಅತ್ತೆಯ ಶಾಸ್ತ್ರ ಹೇಳಿದಳು. ಹೇಳುವಾಗಲೇ ಅದು ಪೆದ್ದುಪೆದ್ದಾಗಿ ಕೇಳಿಸಿತು. ನರ್ಸಮ್ಮ ಹೇಳಿದ್ದನ್ನೂ ಹೇಳಿದಳು. ತುದಿಯಕ್ಕ ನಗಲಿಲ್ಲ.

“ಆ ನರ್ಸಮ್ಮ ಹೇಳಿದ ಹಾಗೆ ಮಲಗಿ ನೋಡಿದ್ಯಾ?”

“ಎಲ್ಲಿ ಮಲಗಲಿ?”

“ಇಲ್ಲಿ,” ಎಂದವಳೇ ತುದಿಯಕ್ಕ ಮಡಿಸಿದ್ದ ಹೊದಿಕೆಗಳನ್ನೆಲ್ಲ ನೀರಿನ ಟ್ಯಾಂಕಿನ ನೆರಳಿನಲ್ಲಿ ಹಾಸಿದಳು. ಟ್ಯಾಂಕಿನ ಪಕ್ಕದ ನಲ್ಲಿಯಲ್ಲಿ ಮುಖ ತೊಳೆಸಿ, ತನ್ನ ಬಾಟಲಿಯ ನೀರನ್ನು ಪೂರ್ತಿ ಕುಡಿಸಿದಳು. ಇಸ್ತ್ರಿ ಎಡಮಗ್ಗುಲಾದಳು. ಬಿಸಿಲು ಹೀರಿದ ಬಟ್ಟೆ ಬೆಚ್ಚಗಿತ್ತು. ಸೋಪಿನ ವಾಸನೆ. ಆ ಮನೆಗೆ ಬಂದ ಮೇಲೆ ತಾನು ಒಗೆದ ಚಾದರದ ಮೇಲೆ ಮೊದಲು ತಾನೇ ಮಲಗಿದ್ದು ಅವತ್ತೇ.

ಕೆಳಗಿನಿಂದ ಕೂಗು ಬಂತು. “ಲೇ, ಸಕ್ಕರೆ ಡಬ್ಬ ಎಲ್ಲಿಟ್ಟಿದೀಯ?”

ಇಸ್ತ್ರಿ ಮೊಣಕೈ ಊರಿದಳು. ತುದಿಯಕ್ಕ ಅವಳ ಭುಜ ಅದುಮಿ, ಮೆಟ್ಟಿಲ ಬಾಗಿಲಿನಲ್ಲಿ ಬಗ್ಗಿ, “ಸಕ್ಕರೆ ಇರೋ ಕಡೆ ಇರುತ್ತೆ ನೋಡ್ರಪ್ಪಾ!” ಎಂದು ಕೂಗಿ ಬಂದಳು.

“ಟೀ ಇಡೋಕೆ ಬರ್ತಾಳಾ?”

“ಬಟ್ಟೆ ಒಣಗಿಲ್ಲಾ!”

“ಯಾರು ಅದು ಮಾತಾಡ್ತಿರೋದು?” ಇದು ಅತ್ತೆ.

“ನಾನಮ್ಮಾ, ಇನ್ನೊಂದು ತುದಿ!”

ಇಸ್ತ್ರಿಗೆ ನಗು ಬಂತು. ನಗು ಅರ್ಧಕ್ಕೇ ತುಂಡಾಯಿತು. ಸೊಂಟದ ಹಿಂದಿನಿಂದ ಅದು ಮತ್ತೆ ಸುತ್ತಿ ಬಂದು, ಈ ಸಲ ತೊಡೆಯವರೆಗೂ ಇಳಿಯಿತು. ಅವಳು ಏನೋ ಹೇಳಲು ಬಾಯಿ ತೆರೆದಳು, ಮಾತು ಹೊರಡಲಿಲ್ಲ. ಹೋಯಿತು. ಮಲಗಿಯೇ ಇದ್ದಳು. ಮತ್ತೆ ಬಂತು. ತುದಿಯಕ್ಕ ಎಬ್ಬಿಸಿ ಟ್ಯಾಂಕಿನ ಸುತ್ತ ನಡೆಸಿದಳು. ಆಗಲೂ ಬಂತು. ನೀರು ಕುಡಿದರೂ ಬಂತು, ಮಲಗಿದರೂ ಬಂತು, ನಡೆದರೂ ಬಂತು. ಬಂದಾಗಲೆಲ್ಲ ಹಿಂದಿನದಕ್ಕಿಂತ ಬೇಗ, ಹಿಂದಿನದಕ್ಕಿಂತ ಜೋರು.

“ಇದು ಬಿಡೋ ನೋವಲ್ಲ ಕಣೇ,” ಎಂದಳು ತುದಿಯಕ್ಕ. “ನಡಿ. ಕೆಳಗೆ ಹೋಗ್ತೀವಿ, ಚೀಲ ತಗೋತೀವಿ, ಹೊರಡ್ತೀವಿ. ಯಾರು ಏನೇ ಅಂದ್ರೂ ನಿಲ್ಲಬೇಡ. ಬೆಳಗ್ಗೆಯಿಂದ ಬಾಯಿ ಮುಚ್ಕೊಂಡಿದ್ದೀಯಲ್ಲ, ಇನ್ನು ಹೊತ್ತು ಮೀರಿದ್ರೆ ಮಗುಗೂ ಕಷ್ಟ, ನಿನಗೂ ಕಷ್ಟ.”

ಮ್ಯಾಚ್ ಕೊನೆಯ ಹಂತಕ್ಕೆ ಬಂದಿತ್ತು. ಗಂಡ ಸೋಫಾದ ತುದಿಗೆ ಜರುಗಿ ಕೂತಿದ್ದ. “ರೀ, ಆಸ್ಪತ್ರೆಗೆ ಹೋಗಬೇಕು,” ಎಂದಳು ಅವಳು. ಅವನು ಟೀವಿಯಿಂದ ಕಣ್ಣು ಕೀಳಲಿಲ್ಲ.

“ಮೂರನೇ ಪ್ರದರ್ಶನ! ಇರು, ಇದೊಂದು ಮುಗೀಲಿ. ನಿನ್ನದು ಹೇಗೂ ಹೋಗಿ ವಾಪಸ್ ಬರೋದೇ ತಾನೆ.”

ತುದಿಯಕ್ಕ ಅವನಿಗೆ ಉತ್ತರ ಕೊಡುವ ಗೋಜಿಗೆ ಹೋಗದೆ ಆಟೋ ಹಿಡಿಯಲು ಬೀದಿಗೆ ಇಳಿದಳು. ಇಸ್ತ್ರಿ ಬಟ್ಟೆಯ ಚೀಲ ತರಲು ಒಳಗೆ ಹೋದಳು. ಚೀಲವಿದ್ದದ್ದು ಅಡುಗೆಮನೆ ದಾಟಿದ ಕೋಣೆಯಲ್ಲಿ. ಆ ಮನೆಯಲ್ಲಿ ಎಲ್ಲಿಗೆ ಹೋಗುವುದಾದರೂ ಅವಳು ಅಡುಗೆಮನೆ ದಾಟಿಯೇ ಹೋಗಬೇಕಿತ್ತು. ಚೀಲ ಹಿಡಿದು ಬರುವಾಗ ಅತ್ತೆ ದಾರಿಗಡ್ಡ ನಿಂತಿದ್ದರು. ಒಲೆಯ ಮೇಲೆ ಮೂಳೆಯ ಸೂಪು ಕುದಿಯುತ್ತಿತ್ತು, ಮೇಲೆ ಕಂದು ನೊರೆ ಕಟ್ಟಿ ಒಡೆಯುತ್ತಿತ್ತು.

“ಹೋಗೋದೇ ಆದ್ರೆ ಆ ಪಾತ್ರೆ ತೊಳೆದಿಟ್ಟು ಹೋಗು. ಹೋದ ಸಲ ನಾತ ಹೊಡೀತಿತ್ತು ಮನೆಯೆಲ್ಲ. ಮೊದಲು ಇದನ್ನ ಹಿಡಿ, ಸೂಪು ತಳ ಹಿಡಿಯುತ್ತೆ, ಒಂದ್ಸಲ ಕೈಯಾಡಿಸು,” ಎಂದು ಅತ್ತೆ ಅವಳ ಕೈಗೆ ಸೌಟು ಕೊಟ್ಟರು.

ಅವಳು ಸೌಟು ಹಿಡಿದಳು. ಕೊಟ್ಟದ್ದನ್ನು ಹಿಡಿಯುವುದು ಅವಳ ಕೈಗೆ ಗೊತ್ತು. ಕೊಬ್ಬಿನ ಹಬೆ ಮುಖಕ್ಕೆ ಬಡಿಯಿತು. ಪಕ್ಕದಲ್ಲಿ ಸಿಂಕು. ಮೀನಿನ ಬಾಣಲೆ ನೆನೆದು ನೀರು ಬೂದುಬಣ್ಣಕ್ಕೆ ತಿರುಗಿತ್ತು, ಕೂದಲುಂಡೆ ಅರ್ಧ ಹೊರಗೆ, ಅರ್ಧ ಒಳಗೆ. ಯಾರೋ ಟೀ ಕುಡಿದು ಮೇಲೊಂದು ಲೋಟ ಇಟ್ಟಿದ್ದರು, ಅದರಲ್ಲೊಂದು ನೊಣ ಕೈ ಉಜ್ಜಿಕೊಳ್ಳುತ್ತಿತ್ತು. ನೋವು ಬಂತು. ಜೊತೆಗೆ ಇಷ್ಟು ವರ್ಷ ನುಂಗಿಕೊಂಡು ಬಂದದ್ದೆಲ್ಲ ಒಟ್ಟಿಗೆ ಮೇಲೆದ್ದು ಬಂದ ಹಾಗೆ, ಅವಳು ಸಿಂಕಿನ ಮೇಲೆ ಬಗ್ಗಿ ವಾಂತಿ ಮಾಡಿದಳು. ಬಾಣಲೆಯ ಮೇಲೆ, ಲೋಟದ ಮೇಲೆ, ಗಂಡನ ಹಲ್ಲುಕಡ್ಡಿಯ ಮೇಲೆ.

“ಥೂ! ಥೂ! ಇಶ್ಶಿ!” ಅತ್ತೆ ಸೆರಗಿನಿಂದ ಮೂಗು ಮುಚ್ಚಿಕೊಂಡು ಹಿಂದೆ ಸರಿದರು. ಹಾಗೆ ಸರಿದದ್ದರಿಂದ ದಾರಿ ಬಿಟ್ಟಂತಾಯಿತು.

ಚೀಲ ಹಿಡಿದಿದ್ದ ಕೈಯೇ ನಲ್ಲಿಯ ಕಡೆ ಹೋಯಿತು. ಒಂದು ಚೊಂಬು ನೀರು ಸುರಿದರೆ ಸಾಕಿತ್ತು. ನಲ್ಲಿಯ ತನಕ ಹೋದ ಕೈಯನ್ನು ಅವಳು ಹಿಂದಕ್ಕೆ ಎಳೆದುಕೊಂಡಳು. ಬಾಯಿಯನ್ನು ಹೆಗಲಿಗೆ ಒರೆಸಿಕೊಂಡು, ಅತ್ತೆಯನ್ನು ದಾಟಿ, ಟೀವಿಯ ಪರದೆಗೆ ಅಡ್ಡವಾಗಿಯೇ ನಡೆದು ಹೊರಗೆ ಬಂದಳು. “ಏಯ್!” ಎಂದ ಗಂಡ. ಅದು ಅವಳಿಗೆ ಹೇಳಿದ್ದೋ ಆಟಗಾರನಿಗೋ, ಅವಳು ತಿರುಗಿ ನೋಡಲಿಲ್ಲ.

ಆಟೋದಲ್ಲಿ ತುದಿಯಕ್ಕ ಅವಳ ಸೊಂಟಕ್ಕೆ ಅಂಗೈ ಒತ್ತಿ ಕೂತಳು. ಹಳ್ಳ ಬಂದಾಗಲೆಲ್ಲ ಡ್ರೈವರನ ವಂಶೋದ್ಧಾರ ಮಾಡಿದಳು. ಆಸ್ಪತ್ರೆಯ ಮೆಟ್ಟಿಲಲ್ಲಿ ನೀರು ಹೋಯಿತು. ಅದೇ ನರ್ಸಮ್ಮ ಗಾಲಿಕುರ್ಚಿ ತಳ್ಳಿಕೊಂಡು ಬಂದವರು ಒಂದು ಕ್ಷಣ ನಿಂತು ಅವಳ ಬಲಗೈಯನ್ನೇ ನೋಡಿದರು.

“ಇದೇನಮ್ಮ, ಸೌಟು?”

ಇಸ್ತ್ರಿ ನೋಡಿಕೊಂಡಳು. ಸೂಪಿನ ಜಿಡ್ಡು ಒಣಗಿದ ಸೌಟು. ವಾಂತಿ ಬಂದಾಗಲೂ, ಮೆಟ್ಟಿಲು ಇಳಿದಾಗಲೂ, ಆಟೋದ ಉದ್ದಕ್ಕೂ ಅವಳು ಅದನ್ನು ಹಿಡಿದೇ ಇದ್ದಳು. ಬೆರಳುಗಳು ಬೆಳ್ಳಗಾಗಿದ್ದವು. ತುದಿಯಕ್ಕ ಒಂದೊಂದೇ ಬೆರಳು ಬಿಡಿಸಿ ತೆಗೆಯಬೇಕಾಯಿತು.

ಪರೀಕ್ಷೆ ಮಾಡಿದ ನರ್ಸಮ್ಮ ಕೈಗವಸು ಕಳಚಲಿಲ್ಲ. “ಇವತ್ತು ವಾಪಸ್ ಕಳಿಸೋ ಮಾತೇ ಇಲ್ಲ. ಇನ್ನೂ ತಡ ಮಾಡಿದ್ರೆ ಅಡುಗೆಮನೇಲೇ ಆಗ್ತಿತ್ತು,” ಎಂದು ಬಾಗಿಲು ಹಾಕಿದರು.

ಬೀದಿದೀಪ ಹತ್ತುವ ಮೊದಲೇ ಹೆಣ್ಣುಮಗು ಹುಟ್ಟಿತು, ಗಟ್ಟಿಯಾಗಿ ಅತ್ತಿತು.

ಗಂಡ ಬಂದದ್ದು ಮರುದಿನ ಬೆಳಗ್ಗೆ, ತುದಿಯಕ್ಕ ಪಾಳಿಗೆ ಹೊರಟುಹೋದ ಮೇಲೆ. ಮಗುವನ್ನು ಬಗ್ಗಿ ನೋಡಿದ. ಮುಖ ತನ್ನ ಕಡೆಯದೇ ಎಂದ. “ಅಂತೂ ನಿಜ ಮಾಡಿಬಿಟ್ಟೆ,” ಎಂದು ನಕ್ಕ. ಅವಳು ನಗದಿದ್ದಾಗ ಕುರ್ಚಿ ಎಳೆದು ಕೂತು, ಬಂದ ವಿಷಯಕ್ಕೆ ಬಂದ.

“ಅಲ್ಲ, ಆ ಸಿಂಕು ಹಾಗೇ ಇದೆ. ಅಮ್ಮನ ಕೈಲಿ ನೋಡೋಕೂ ಆಗ್ತಿಲ್ಲ. ನಾನು ಹೋದೆ, ನನಗೇ ವಾಕರಿಕೆ ಬಂತು. ಮೇಲೊಂದು ತಟ್ಟೆ ಮುಚ್ಚಿದೀನಿ. ಊಟ ಹೊರಗಡೆಯಿಂದ ತರಿಸಿದ್ವಿ. ನಿನ್ನ ಯಾವತ್ತು ಬಿಡ್ತಾರಂತೆ?” ಆಮೇಲೆ ನೆನಪಾದವನಂತೆ, “ಅಮ್ಮ ಸೌಟು ಹುಡುಕ್ತಿದ್ಲು,” ಎಂದ.

ಸೌಟು ಅವಳ ಹಾಸಿಗೆಯ ಪಕ್ಕದ ಸ್ಟೂಲಿನ ಮೇಲೆ, ನೀರಿನ ಬಾಟಲಿಯ ಜೊತೆ ಇತ್ತು. ಅವಳು ಅದನ್ನು ಬೆರಳಿಟ್ಟು ತೋರಿಸಿದಳು. “ಬೀಳಲಿಲ್ಲ ಅಂತ ಹೇಳಿ ಅತ್ತೆಗೆ.”

ಅವನಿಗೆ ಅರ್ಥವಾಗಲಿಲ್ಲ. ಅಷ್ಟರಲ್ಲಿ ಮಗು ಮುಖ ಕೆಂಪು ಮಾಡಿಕೊಂಡು ಮುಲುಕಿತು. ಹುಟ್ಟಿದ ಮಕ್ಕಳ ಮೊದಮೊದಲ ಕಕ್ಕ, ಡಾಂಬರಿನ ಹಾಗೆ ಕಪ್ಪಗೆ, ಅಂಟಂಟಾಗಿ ಬಟ್ಟೆಯ ಅಂಚು ದಾಟಿ ತೊಡೆಗೆ ಹರಿಯಿತು. ಗಂಡ ಕುರ್ಚಿಯ ಸಮೇತ ಹಿಂದೆ ಸರಿದ.

“ಇಶ್ಶಿ! ಲೇ, ನೋಡು, ಬೇಗ...”

ಅವಳು ನೋಡಿದಳು. ಮಗುವನ್ನಲ್ಲ, ಅವನನ್ನು. ನಿನ್ನೆ ಅತ್ತೆ ಮೂಗು ಮುಚ್ಚಿಕೊಂಡದ್ದೂ ಹೀಗೆಯೇ. ಹೇಸಿಗೆ ಪಡುವುದೂ ಒಂದು ಆಸ್ತಿಯ ಹಾಗೆ ಇವರ ಮನೆಯಲ್ಲಿ ತಾಯಿಯಿಂದ ಮಗನಿಗೆ ಬಂದಿತ್ತು, ಸೊಸೆಗೆ ಅದರಲ್ಲಿ ಪಾಲಿರಲಿಲ್ಲ. ಅವಳು ಮಗುವನ್ನು ಎರಡೂ ಕೈಯಲ್ಲಿ ಎತ್ತಿ, ತಲೆಗೆ ಆಸರೆ ಕೊಟ್ಟು, ಅವನ ಕಡೆ ಚಾಚಿದಳು.

“ಹಿಡ್ಕೊಳ್ಳಿ.”

“ನಾನಾ? ನನಗೆಲ್ಲಿ ಬರುತ್ತೆ ಇದೆಲ್ಲ?”

“ಹಿಡ್ಕೊಳ್ಳಿ. ಕತ್ತು ಜೋಪಾನ.”

ಚಾಚಿದ ಕೈ ಚಾಚಿಯೇ ಇತ್ತು. ಬೇರೆ ದಾರಿ ಕಾಣದೆ ಅವನು ಹಿಡಿದುಕೊಂಡ, ಮೈಗೆ ತಾಕದಂತೆ ದೂರ. ತೋಳಿಗೆ ತಾಕಿಯೇ ಬಿಟ್ಟಿತು. ಅವನು ಯಾರಾದರೂ ಹೆಂಗಸು ಕಾಣುತ್ತಾಳೋ ಎಂದು ಸುತ್ತ ನೋಡಿದ. ಆ ಕಡೆಯ ಹಾಸಿಗೆಯ ಹತ್ತಿರವಿದ್ದ ನರ್ಸಮ್ಮ ತಲೆಯೆತ್ತದೆ, “ಹತ್ತಿ ಅಲ್ಲಿದೆ, ಬಿಸಿನೀರು ಅಲ್ಲಿದೆ. ಮೇಲಿಂದ ಕೆಳಗೆ ಒರೆಸಿ,” ಎಂದರು.

ಅವಳು ಬಾಟಲಿ ಎತ್ತಿ ನೀರು ಕುಡಿದಳು, ಎಡಮಗ್ಗುಲಾಗಿ ಮಲಗಿದಳು. ಬೆನ್ನ ಹಿಂದೆ ಮಗು ಕಿರುಚುತ್ತಿತ್ತು, ನೀರು ಚೆಲ್ಲಿದ ಸದ್ದಾಯಿತು, ಆಮೇಲೆ ಅವನು ಒಂದು ಕೈಯಲ್ಲಿ ಫೋನ್ ಮಾಡುತ್ತಿದ್ದದ್ದು ಕೇಳಿಸಿತು.

“ಅಮ್ಮಾ, ಇದು ಒರೆಸಿದ್ರೂ ಹೋಗ್ತಿಲ್ಲವಲ್ಲಮ್ಮ... ಇಲ್ಲ, ಅವಳು ಮಲಗಿದಾಳೆ... ಎಬ್ಬಿಸಿದೆ ಅಮ್ಮ, ಏಳ್ತಿಲ್ಲ.”